ಅಕಸ್ಮಾತ್ ಸಿಕ್ಕಿದ ಬಸ್ಸಾರು

ಬಸವೇಶ್ವರನಗರದಲ್ಲಿ ನಂದೊಂದು ಪುಟ್ಟ ಮುದ್ದೆ ಊಟದ ಹೋಟ್ಲು. ನಾನು ಬಾಯಿ ಮುಚ್ಕೊಂಡು ಮುದ್ದೆ ತಿರುವಿದ್ರೂ, ನನ್ನ ಪರವಾಗಿ ಸುಳ್ಳು ಹೇಳೋರು ಎಲ್ಲಿಂದಾದ್ರೂ ಬಂದು ಒಕ್ಕರಿಸ್ತಾರೆ. ಶುರುವಾಗಿದ್ದು ಎದುರಿಗೆ ಹೊಸ ಹೋಟ್ಲು ಆದ್ಮೇಲೆ. ಮೊಬೈಲ್ ತೆಗೆದ್ರೆ ಅವರದ್ದೇ ಹೊಗಳಿಕೆ. ನಮ್ಮಲ್ಲಿ ಮಧ್ಯಾಹ್ನ ಎರಡಾದ್ರೂ ಮುದ್ದೆ ಹಂಗೇ ಕೂತಿರೋದು. ಹಿಂಗೇ ಆದ್ರೆ ಬಾಗ್ಲು ಹಾಕೋದೇ ಗತಿ ಅಂತ ನಂಗೆ ಅಳು ಬರ್ತಿತ್ತು.

ದಾರಿಹೋಕ

ನನ್ನ ತಮ್ಮ ಬಡಾವಣೆಯ ಗ್ರೂಪಲ್ಲಿ ಬೇರೆ ಹೆಸರಿಟ್ಕೊಂಡು, ನಮ್ಮ ಹೋಟ್ಲು ಫೋಟೋ ಹಾಕಿ ಬರೆದ: "ನಾನೊಬ್ಬ ದಾರಿಹೋಕ. ಅಕಸ್ಮಾತ್ ಇಲ್ಲಿ ಊಟ ಮಾಡ್ದೆ. ಆಹಾ, ಏನ್ ಬಸ್ಸಾರು!"

ಕೆಳಗೆ ಯಾರೋ ಕೇಳಿದ್ರು, "ಇವತ್ತು ತೆಗ್ದಿದ್ಯಾ ಸಾರ್?"

ದಾರಿಹೋಕ ತಕ್ಷಣ ಉತ್ತರ ಕೊಟ್ಟ: "ಇಲ್ಲ ಸಾರ್, ಅಕ್ಕ ನಾಮಕರಣಕ್ಕೆ ಹೋಗವ್ಳೆ. ಬೀಗದ ಕೈ ನನ್ಹತ್ರಾನೇ ಐತೆ, ತೆಗೀಲಾ?"

ದಾರಿ ತಪ್ಪಿದವಳು

ಆಮೇಲೆ ತಮ್ಮ ವಿಡಿಯೋ ಮಾಡೋ ಹುಡುಗಿ ಒಬ್ಬಳನ್ನ ಹಿಡ್ಕೊಂಡು ಬಂದ. "ಜಾಹೀರಾತು ಅಂತ ಎಲ್ಲೂ ಹೇಳಲ್ಲ ಆಂಟಿ. ದಾರಿ ತಪ್ಪಿ ಬಂದೋಳ ಥರ ಒಳಗೆ ಬರ್ತೀನಿ" ಅಂದ್ಲು. ಬಂದ್ಲು. ಸರಿ ಬರಲಿಲ್ಲ ಅಂತ ಮತ್ತೆ ಬಂದ್ಲು. ಆರನೇ ಸಲ ಬಂದಾಗ ಊಟಕ್ಕೆ ಕೂತಿದ್ದ ಆಟೋದವರೊಬ್ಬರು ತಡೀಲಾರದೆ ಕೇಳಿದ್ರು, "ಎಲ್ಲಿಗೆ ಹೋಗ್ಬೇಕು ಹೇಳಮ್ಮ, ನಾನೇ ಬಿಡ್ತೀನಿ."

ಕೊನೆಗೂ ಕೂತು ಮುದ್ದೆ ಬಾಯಿಗಿಟ್ಟು, ಚೂಯಿಂಗ್ ಗಮ್ ಥರ ಅಗಿದ್ಲು! ನುಂಗೇ ತಾಯಿ ಅಂತ ಕಣ್ಸನ್ನೆ ಮಾಡಿ ಸಾಕಾಯ್ತು. ಆಮೇಲೆ ಕಣ್ಣೊರೆಸ್ಕೊಂಡು ಕ್ಯಾಮೆರಾಗೆ ಹೇಳಿದ್ಲು, "ತೀರಿಹೋದ ನಮ್ಮಜ್ಜಿ ಕೈರುಚಿ ನೆನಪಾಯ್ತು." ಪಾಪ, ನಂಗೂ ಕಣ್ಣು ತುಂಬಿ ಬಂತು.

ತೀರಿಹೋದವರು

ಎರಡು ದಿನ ಕಳೆದು, ಮಧ್ಯಾಹ್ನದ ಹೊತ್ತು, ವಿಜಯನಗರದಿಂದ ಆಟೋದಲ್ಲಿ ಒಬ್ಬರು ವಯಸ್ಸಾದವರು ಬಂದಿಳಿದ್ರು. ಕೋಲೂರಿಕೊಂಡು ಒಳಗೆ ಬಂದು, "ವಿಡಿಯೋದಲ್ಲಿ ಸತ್ತೋಳು ನಾನೇ ಕಣವ್ವ" ಅಂದ್ರು.

ನನ್ನ ಕೈಯಲ್ಲಿದ್ದ ಸೌಟು ಬಿತ್ತು.

"ಬೆಳಗ್ಗೆಯಿಂದ ನೆಂಟ್ರು ಹಾರ ಹಿಡ್ಕೊಂಡು ಬರ್ತಾವ್ರೆ. ನಾನೇ ಬಾಗ್ಲು ತೆಗ್ದು ಒಳಕ್ಕೆ ಕರೀಬೇಕು!"

ಹಿಂದೆಯೇ ಇನ್ನೂ ಮೂರು ಆಟೋ, ಅಷ್ಟೂ ನೆಂಟರು. ಬಂದದ್ದು ಬಂದಾಯ್ತು ಅಂತ ಎಲ್ಲಾ ಟೇಬಲ್‌ನಲ್ಲೂ ಕೂತ್ರು. ಹೋಟ್ಲು ತುಂಬಿತು. ಎಷ್ಟೋ ತಿಂಗಳ ಮೇಲೆ ನನ್ನ ಮುದ್ದೆ ಖಾಲಿಯಾಗ್ತಾ ಬಂತು. ಆದ್ರೆ ಅಜ್ಜಿ ಬಾಯಿಂದ ಕೆಟ್ಟ ಮಾತೊಂದು ಬಂದ್ರೆ ನನ್ನ ಕಥೆ ಅಲ್ಲಿಗೇ ಮುಗೀತು. ಕ್ಷಮಿಸಿ ಅಜ್ಜಿ ಅಂತ ಕೈ ಮುಗಿದು ಬಡಿಸಿದೆ.

ಅಜ್ಜಿ ಮುದ್ದೆ ಮುರಿದು, ಬಸ್ಸಾರಲ್ಲಿ ಅದ್ದಿ, ಗುಳುಂ ಅಂತ ನುಂಗಿದ್ರು. ನೆಂಟರೆಲ್ಲ ಅವರ ಮುಖಾನೇ ನೋಡ್ತಿದ್ರು.

"ಪರವಾಗಿಲ್ಲ" ಅಂದ್ರು. "ನಾನು ಬದುಕಿದ್ದಾಗ ಒಂಚೂರು ಹುಳಿ ಜಾಸ್ತಿ ಬಿಡ್ತಿದ್ದೆ. ಇನ್ನೊಂದು ಮುದ್ದೆ ಹಾಕವ್ವ."