ಪಡಸಾಲೆಗೆ ಬಂದ ಬೀದಿ ನಲ್ಲಿ

ಕೊಳವೆಯನ್ನು ಎರಡು ಸಲ ಬಾಗಿಸಿದ ಓವರ್ಸಿಯರ್ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ಸವಣೂರಿನಿಂದ, ಒದ್ದೆ ಧೋತರದಲ್ಲಿ ಕುಳಿತ ಶಂಕ್ರಪ್ಪನ ಅನಂತ ನಮಸ್ಕಾರಗಳು. ನಮ್ಮ ಓಣಿಯ ಕೊನೆಗೆ ನಲ್ಲಿ ಹಾಕಿಸಲು ತಾವು ದಯಮಾಡಿಸಿದಾಗ ಬೇವಿನ ಕಟ್ಟೆ ಅಡ್ಡ ಬಂದದ್ದು ತಮಗೆ ನೆನಪಿರಬಹುದು. ಕಟ್ಟೆ ಒಡೆಯುವುದು ಬೇಡ, ಕೊಳವೆಯನ್ನೇ ಒಮ್ಮೆ ಓರೆಯಾಗಿ ಬಾಗಿಸಿ ಪಕ್ಕಕ್ಕೆ ಸರಿಸೋಣ, ಮುಂದೆ ಅಷ್ಟೇ ಮರಳಿ ಬಾಗಿಸಿ ನೆಟ್ಟಗೆ ಮಾಡೋಣ, ಎಷ್ಟು ಸರಿಯಬೇಕೋ ಅದರ ಒಂದೂವರೆ ಪಟ್ಟಿಗಿಂತ ತುಸು ಕಡಿಮೆ ಉದ್ದದ ಓರೆ ತುಂಡು ಬೇಕು ಎಂದು ತಾವು ಮಣ್ಣಿನಲ್ಲಿ ಗೆರೆ ಎಳೆದು ತೋರಿಸಿದಾಗ ಓಣಿಯೇ ಬೆರಗಾಯಿತು. ಆ ಲೆಕ್ಕದಲ್ಲಿ ಇಂದಿಗೂ ಕೂದಲೆಳೆಯಷ್ಟು ತಪ್ಪಿಲ್ಲ.

ಆದರೆ ಟೇಪು ಮರೆತು ಬಂದಿದ್ದ ತಾವು ತಮ್ಮ ನಾಜೂಕಾದ ಕೈಯಿಂದ ಅಂದಾಜು ಮಾಡಿ, ಮೂರು ಮೊಳ ಸರಿದರೆ ಸಾಕು, ಹಗ್ಗ ಅಳೆದು ಕೊಡಿ ಎಂದಿರಿ. ಅರಿವೆ ಕೊಳ್ಳಲು ಹೋಗುವಾಗ ನಮ್ಮವರು ಪೈಲವಾನ ಹೊಳಬಸಪ್ಪನನ್ನು ಕರೆದೊಯ್ದು ಅವನ ಮೊಳದಲ್ಲೇ ಅಳೆಸುವುದು ವಾಡಿಕೆ; ಹಗ್ಗಕ್ಕೂ ಅವನನ್ನೇ ಕರೆದರು. "ಸರಕಾರದಿಂದ ತಗೊಳ್ಳೋದೈತ್ರಿ, ಸಣ್ಣ ಮೊಳ ಯಾಕ?" ಎಂದು ಅವನು ತೋಳು ಚಾಚಿದ. ಆ ಹಗ್ಗ ಹುಬ್ಬಳ್ಳಿಯ ಕಾರ್ಖಾನೆಗೆ ಹೋಯಿತು. ತಮ್ಮ ಲೆಕ್ಕದಂತೆ ಚಾಚೂ ತಪ್ಪದೆ ಬಾಗಿ ಬಂದ ಕೊಳವೆ ಕಟ್ಟೆಯನ್ನೂ ಇಕ್ಕಟ್ಟಿನ ಓಣಿಯನ್ನೂ ದಾಟಿ ನನ್ನ ಪಡಸಾಲೆಯಲ್ಲಿ ನೆಟ್ಟಗಾಯಿತು. ಬಾಗಿದ ಕಬ್ಬಿಣ ಮತ್ತೆ ಬಾಗದೆಂದು ಕೂಲಿಯವರು ಗೋಡೆ ಕೊರೆದು ನಲ್ಲಿಯನ್ನು ಅಲ್ಲೇ ಕೂಡಿಸಿದರು.

ಈಗ ಬೆಳಕು ಹರಿಯುವ ಮೊದಲೇ ಓಣಿಯ ಕೊಡಗಳೆಲ್ಲ ನನ್ನ ಮನೆಗೆ ಬರುತ್ತವೆ, ಜಗಳವೂ ಜೊತೆಗೇ ಬರುತ್ತದೆ. ಆದಕಾರಣ ಕೊಳವೆಯನ್ನು ಮುಟ್ಟದೆ, ಅದೇ ಲೆಕ್ಕ ಹಚ್ಚಿ ನನ್ನ ಮನೆಯನ್ನೇ ಎರಡು ಸಲ ಬಾಗಿಸಿ ಪಕ್ಕಕ್ಕೆ ಸರಿಸಿಕೊಡಬೇಕೆಂದು ಪ್ರಾರ್ಥಿಸುತ್ತೇನೆ. ಹೆಂಡತಿ ಸರೋಜವ್ವ ಮಾತ್ರ "ನಲ್ಲಿ ಕಿತ್ತಿಸಿದ್ರ ನಿಮ್ಮ ಚಾ ನೀವ ಮಾಡ್ಕೋರಿ" ಎಂದಿದ್ದಾಳೆ.

ಇನ್ನೊಂದು ಉಪಕಾರವನ್ನೂ ಮರೆಯಲಾರೆ. ಮಗಳು ಶೇಖವ್ವನನ್ನು ನೋಡಲು ಹಿರೇಕೆರೂರಿನಿಂದ ಬಂದ ಬೀಗರು, ಮನೆಯೊಳಗೇ ನಲ್ಲಿ ಕಂಡು ನಮ್ಮನ್ನು ಭಾರೀ ಕುಳವೆಂದು ತಿಳಿದು, ಅಂದೇ ಒಪ್ಪಿದರು. ಅವರ ಮನೆಗೆ ನೀರು ಎಲ್ಲಿಂದ ಬರುತ್ತದೆಂದು ಕೇಳಲು ನನಗೆ ಹೊಳೆಯಲಿಲ್ಲ. ಮೊನ್ನೆ ಪಂಚಮಿಗೆ ತವರಿಗೆ ಬಂದವಳು ಜೋಕಾಲಿಯ ಕಡೆ ತಿರುಗಿಯೂ ನೋಡದೆ, ಈ ನಲ್ಲಿಯ ಮುಂದೆ ಕುಳಿತು ಸುಮ್ಮನೆ ತಿರುಗಿಸಿ ನಿಲ್ಲಿಸಿ ಮಾಡುತ್ತಿದ್ದಳು. ದೂರದ ಬಾವಿಯಿಂದ ಕೊಡ ಹೊತ್ತು ಅವಳ ಟೊಂಕ ಬಿದ್ದುಹೋಗಿದೆಯಂತೆ. ನನಗೆ ಬಹಳ ಸಂಕಟವಾಯಿತು.

ಇಂತು, ಬೆಚ್ಚಗೆ ಕೂಡಲು ಮನೆಯಲ್ಲಿ ಜಾಗವಿಲ್ಲದ,
ತಮ್ಮ ವಿಶ್ವಾಸಿ
ಶಂಕ್ರಪ್ಪ

ತಾ.ಕ.: ತಮಗೆ ಹಿರೇಕೆರೂರಿಗೆ ವರ್ಗವಾಗಿದೆಯೆಂದು ತಿಳಿದು ಸಂತೋಷವಾಯಿತು. ಬೀಗರ ಮನೆ ಓಣಿಯಿಂದ ತುಸು ಒಳಗಿದೆ. ಟೇಪನ್ನು ಮಾತ್ರ ಇಲ್ಲೇ ಬಿಟ್ಟು ಹೋಗಬೇಕು. ಹೊಳಬಸಪ್ಪನನ್ನು ಅಲ್ಲಿಯ ಬಸ್ಸಿಗೆ ಹತ್ತಿಸಿದ್ದೇನೆ.