ಲೀಲಾಧರನ ರೆಕಾರ್ಡಿಂಗು

ಕಷ್ಟ ಶುರುವಾದದ್ದು ಚಂದ್ರಬಾಯಿಯ ಮಿಕ್ಸರಿನಿಂದ.

ಡೊಂಬಿವಲಿಯ ಹೋಟೆಲೊಂದರ ಕ್ಯಾಶಿಯರ್ ಲೀಲಾಧರ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಕಂಪ್ಯೂಟರಿನಲ್ಲಿ ಕೆಂಪು ಗುಂಡಿ ಒತ್ತಿ, ದೇವರನ್ನು ನೆನೆದು ಮೊದಲ ತಂತಿ ಮೀಟಿದ್ದ. ಅಷ್ಟರಲ್ಲಿ ಕೆಳಮನೆಯ ಚಂದ್ರಬಾಯಿ ಶೇಂಗಾ ಚಟ್ನಿಗೆ ಮಿಕ್ಸರ್ ಹಾಕಿದಳು. ರೆಕಾರ್ಡಾದದ್ದನ್ನು ಮತ್ತೆ ಹಾಕಿ ಕೇಳಿದರೆ ಗಿಟಾರು ಎಲ್ಲೋ ಮುಂಬ್ರಾದ ಗುಡ್ಡದಾಚೆ ನುಡಿದಂತಿತ್ತು. ಶೇಂಗಾ ಮಾತ್ರ ಕಿವಿಯೊಳಗೇ ಪುಡಿಯಾಗುತ್ತಿತ್ತು.

ಅವನು ಹೆಂಡತಿ ಜಯಲತಾಳಿಗಾಗಿ ಮದುವೆಯಾದ ಹೊಸತರಲ್ಲಿ ಕಟ್ಟಿದ ರಾಗ ಅದು. ಹೋಟೆಲಿನಿಂದ ಬಂದು ಕೈಕಾಲು ತೊಳೆದು ಅದನ್ನು ನುಡಿಸದೆ ಇದ್ದರೆ ಅವಳು ಊಟಕ್ಕೆ ಬಡಿಸುತ್ತಿರಲಿಲ್ಲ. ಕೊರೊನಾದ ಎರಡನೇ ಅಲೆಯಲ್ಲಿ ಅವಳು ಹೋದಳು. ರಾಗ ಇವನ ಬೆರಳುಗಳಲ್ಲಿ ಮಾತ್ರ ಉಳಿಯಿತು. ಈಗ ಆ ಬೆರಳುಗಳೂ ಜೋಮು ಹಿಡಿದಿದ್ದವು. ಮರುದಿನ ಠಾಣೆ ಶಹರದ ಆಸ್ಪತ್ರೆಯಲ್ಲಿ ಎಡಗೈಗೆ ಆಪರೇಷನ್, ಇವತ್ತು ಸಂಜೆಯೇ ಹೋಗಿ ಭರ್ತಿಯಾಗಬೇಕು. ಆಮೇಲೆ ಗಿಟಾರು ನುಡಿಸಬಹುದೇ ಎಂದು ಕೇಳಿದ್ದಕ್ಕೆ ಡಾಕ್ಟರು, "ಊಟ ಮಾಡಬಹುದು" ಎಂದಿದ್ದರು. ರಾಗ ಉಳಿಯಬೇಕಾದರೆ ಇವತ್ತೇ ಕಂಪ್ಯೂಟರಿಗೆ ಏರಬೇಕಿತ್ತು.

ಸೀವುಡ್ಸ್‌ನಲ್ಲಿರುವ ಮಗಳು ನಿಶಾ ಒಂದು ಮೈಕನ್ನೂ ಸಣ್ಣದೊಂದು ಡಬ್ಬಿಯನ್ನೂ ಕಳಿಸಿಕೊಟ್ಟು ಫೋನಿನಲ್ಲೇ ಪಾಠ ಹೇಳಿದ್ದಳು.

"ಪಪ್ಪಾ, ಮೈಕ್ ಕಾ ವಾಯರ್ ಡಬ್ಬೇ ಮೇ, ಡಬ್ಬೇ ಕಾ ವಾಯರ್ ಕಂಪ್ಯೂಟರ್ ಮೇ. ಬಸ್!"

"ಬಸ್ ಅಂತ ಹೇಳ್ಳಿಕ್ಕೆ ಸುಲಭ ಮಗಾ. ಇಲ್ಲಿ ಫ್ಯಾನು ಸಹ ಹಾಡ್ತದೆ."

"ತೋ ಫ್ಯಾನ್ ಬಂದ್ ಕರೋ. ಖಿಡಕೀ ಪೇ ಗಾದಿ ಲಗಾವೋ."

ಲೀಲಾಧರ ಫ್ಯಾನು ನಿಲ್ಲಿಸಿದ, ಫ್ರಿಜ್ ನಿಲ್ಲಿಸಿದ, ಮಂಚದ ಗಾದಿ ಎಳೆದು ಕಿಟಕಿಗೆ ಒರಗಿಸಿದ, ಗೋಡೆಗೆಲ್ಲ ಬಿಳಿ ಚಾದರ ಹೊದಿಸಿದ. ಹಳಿ ದುರಸ್ತಿಗೆಂದು ಹಾಕುವ ಭಾನುವಾರದ ಮೆಗಾಬ್ಲಾಕ್‌ನಿಂದಾಗಿ ಲೋಕಲ್ ಗಾಡಿಗಳೂ ಕಡಿಮೆ. ಇಡೀ ಡೊಂಬಿವಲಿ ರೈಲ್ವೆಗೆ ಶಾಪ ಹಾಕುವಾಗ ಇವನೊಬ್ಬ ಕೈಮುಗಿದಿದ್ದ. ಆದರೆ ಚಂದ್ರಬಾಯಿಗೆ ಯಾವ ಬ್ಲಾಕೂ ಇರಲಿಲ್ಲವಲ್ಲ.

ಬೆವರು ಒರೆಸಿಕೊಳ್ಳುತ್ತ ಅವನು ಸೊಸೈಟಿಯ ಸೆಕ್ರೆಟರಿ ಅನಿಲಕುಮಾರನ ಬಾಗಿಲು ಬಡಿದ.

"ಒಂದು ಗಂಟೆ ಗಲಾಟೆ ಇಲ್ಲದಿದ್ರೆ ಸಾಕು ಮಾರಾಯ್ರೇ. ದೊಡ್ಡ ಉಪಕಾರ ಆಗ್ತದೆ."

ಕಲಬುರಗಿಯ ಅನಿಲಕುಮಾರ ಕಾರಣ ಕೇಳುವಷ್ಟು ವ್ಯವಧಾನದವನಲ್ಲ. "ಇಷ್ಟ ಹೌದಿಲ್ರೀ? ಗ್ರೂಪಿನ್ಯಾಗ ಹಾಕ್ತೀನಿ. ಒಂದ್ ಗುಬ್ಬಿ ಸುದ್ದಾ ಚಿಂವ್ ಅನ್ನಂಗಿಲ್ಲ ನೋಡ್ರಿ" ಎಂದವನೇ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಬರೆದ: 'ಬಿ ವಿಂಗ್, ಲೀಲಾಧರ. ದಯವಿಟ್ಟು ಒಂದು ತಾಸು ಯಾರೂ ಗದ್ದಲ ಮಾಡಬಾರದು.' ಬರೆದು, ವಿನಯಕ್ಕಿರಲಿ ಎಂದು ಕೊನೆಗೊಂದು ಮುಗಿದ ಕೈಗಳ ಚಿತ್ರ ಅಂಟಿಸಿ ಸ್ನಾನಕ್ಕೆ ಹೋದ.

ಆ ಗ್ರೂಪಿನಲ್ಲಿ ಒಬ್ಬರ ಹೆಸರು ಬಂದು ಅದರ ಪಕ್ಕ ಮುಗಿದ ಕೈ ಬಂದರೆ ಅರ್ಥ ಒಂದೇ. ಯಾರೂ ವಿಚಾರಿಸಲಿಲ್ಲ. ಎಲ್ಲರೂ ಕೈಮುಗಿದರು. ಯಾರೋ ಹೋಟೆಲಿಗೂ ಫೋನು ಮಾಡಿದರು.

ಮಿಕ್ಸರು ನಿಂತದ್ದನ್ನು ಕೇಳಿ ಲೀಲಾಧರ ಸಂತೋಷದಿಂದ, ನಿಧಾನವಾಗಿ ತಂತಿಗಳ ಶ್ರುತಿ ಕೂಡಿಸಿ ಕೆಂಪು ಗುಂಡಿ ಒತ್ತಿದ. ಆಗಲೇ ಬಾಗಿಲು ಬಡಿದ ಸದ್ದು. ತೆರೆದರೆ ಮೆಟ್ಟಿಲ ತುಂಬ ಜನ. ಮುಂದೆ ನಿಂತಿದ್ದ ಚಂದ್ರಬಾಯಿ ಅವನನ್ನು ಕಂಡು ಕಿಟಾರನೆ ಕಿರುಚಿದಳು.

"ಯಪ್ಪಾ! ನೀ ಸತ್ತಿಲ್ಲೇನೋ?"

"ಇಲ್ಲವಲ್ಲ ಚಂದ್ರಬಾಯಿ" ಎಂದ ಲೀಲಾಧರ, ತಪ್ಪು ಮಾಡಿದವನಂತೆ.

ಹಿಂದಿನಿಂದ ಹೋಟೆಲ್ ಮಾಲೀಕ ಯಶ್ವಂತ್ ದೊಡ್ಡ ಹಾರ ಹಿಡಿದು ನುಗ್ಗಿ ಬಂದರು. "ಎಂಥ ಮಾರಾಯ ನೀನು! ನಾಳೆಯಿಂದ ಗಲ್ಲಾದಲ್ಲಿ ಯಾರನ್ನು ಕೂರಿಸುದು ಅಂತ ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡಿದ್ದೆ."

ಬಿಳಿ ಚಾದರ, ಖಾಲಿ ಮಂಚ, ನಿಂತ ಫ್ಯಾನು. ಜನ ಒಳಗೆ ಇಣುಕಿ, ಮತ್ತೆ ಇವನ ಮುಖ ನೋಡಿದರು. ಹೆಣವಿಲ್ಲದ ಮನೆಯಿಂದ ಹೇಗೆ ಹಿಂದಿರುಗುವುದೆಂದು ಯಾರಿಗೂ ತಿಳಿಯಲಿಲ್ಲ.

"ಜಯಲತಾಳಿಗೋಸ್ಕರ ಸ್ವಲ್ಪ ನಿಶ್ಶಬ್ದ ಬೇಕಿತ್ತು, ಅಷ್ಟೇ" ಎಂದ ಲೀಲಾಧರ.

ಚಂದ್ರಬಾಯಿಯ ಮುಖ ಒಮ್ಮೆಲೇ ಇಳಿದುಹೋಯಿತು. ಜಯಲತಾ ಹೋದಾಗ ಬಿಲ್ಡಿಂಗಿಗೆ ಬಿದಿರು ಕಟ್ಟಿ ಸೀಲು ಮಾಡಿದ್ದರು. ಆಸ್ಪತ್ರೆಯಿಂದ ನೇರ ಸ್ಮಶಾನಕ್ಕೆ ಒಯ್ದಿದ್ದರು. ಈ ಮನೆಗೆ ಯಾರೊಬ್ಬರೂ ಬಂದು ಕೂತಿರಲಿಲ್ಲ.

"ಅವತ್ತ ನಾವ್ಯಾರೂ ಬರಲಿಲ್ಲೋ ತಮ್ಮಾ. ಬಾಗಲ ಸಂದಿನ್ಯಾಗ ನಿಂತ ನೋಡಿದಿವಿ. ಇವತ್ತ ಬಂದೀವಿ, ಕುಂದರತೀವಿ" ಎಂದವಳು ನೆಲದ ಮೇಲೆ ಕೂತೇಬಿಟ್ಟಳು. ಎಲ್ಲರೂ ಕೂತರು. ಯಶ್ವಂತ್ ಹಾರವನ್ನು ಜಯಲತಾಳ ಫೋಟೋಗೆ ಹಾಕಿದರು. ಒದ್ದೆ ತಲೆಯಲ್ಲೇ ಓಡಿಬಂದ ಅನಿಲಕುಮಾರ ಬಾಯಿ ತೆರೆಯಲು ಹೆದರಿ ಮೂಲೆ ಸೇರಿದ.

ಇಡೀ ಕಟ್ಟಡ ಉಸಿರು ಹಿಡಿದು ಕೂತಿತು. ಕುಕ್ಕರಿಲ್ಲ, ಟಿವಿಯಿಲ್ಲ. ಇಂಥ ನಿಶ್ಶಬ್ದ ಯಾವ ಸ್ಟುಡಿಯೋದಲ್ಲೂ ಸಿಗದು. ಕಂಪ್ಯೂಟರಿನಲ್ಲಿ ರೆಕಾರ್ಡಿಂಗು ಇನ್ನೂ ಓಡುತ್ತಲೇ ಇತ್ತು. ಲೀಲಾಧರ ಮೆಲ್ಲನೆ ಗಿಟಾರಿಗೆ ಕೈಚಾಚಿದ.

ಚಂದ್ರಬಾಯಿ ಆ ಕೈ ಹಿಡಿದುಕೊಂಡಳು. "ಬ್ಯಾಡಪಾ. ಮಂದಿ ಕುಂತಾಗ ಮನ್ಯಾಗ ವಾದ್ಯ ಬಾರಸಬಾರದು."

"ಅವಳಿಗೋಸ್ಕರವೇ ಚಂದ್ರಬಾಯಿ, ಇದು..."

"ಗೊತ್ತದ. ಅತ್ತುಬಿಡು. ಹಿಡಕೋಬ್ಯಾಡ."

ಅವನಿಗೆ ನಿಜಕ್ಕೂ ಅಳು ಬಂತು. ರಾಗಕ್ಕಾಗಿಯೋ ಹೆಂಡತಿಗಾಗಿಯೋ ಅವನಿಗೇ ತಿಳಿಯಲಿಲ್ಲ. ಇಷ್ಟು ವರ್ಷ ಒಬ್ಬನೇ ಅತ್ತವನಿಗೆ ಎದುರಿಗೆ ಜನ ಕೂತಾಗ ದುಃಖ ತಡೆಯಲಾಗಲಿಲ್ಲ. ಒಬ್ಬರೂ ಏಳಲಿಲ್ಲ. ಕೊನೆಗೆ ಎದ್ದದ್ದು, ಸಂಜೆ ಆಸ್ಪತ್ರೆಗೆ ಕರೆದೊಯ್ಯಲು ನಿಶಾ ರಿಕ್ಷಾ ತಂದು ನಿಲ್ಲಿಸಿದಾಗಲೇ.

"ರೆಕಾರ್ಡ್ ಹುವಾ ನ ಪಪ್ಪಾ?" ಎನ್ನುತ್ತ ಅವಳು ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡನ್ನು ನಡುವಿನಿಂದ ಹಾಕಿದಳು. ಮುಖ ಅರಳಿತು. "ಅರೇ, ಏಕ್‌ದಮ್ ಕ್ಲೀನ್! ಜರಾ ಭೀ ಆವಾಜ್ ನಹೀಂ!" ಗದ್ದಲವೇ ಇಲ್ಲದ ಅದನ್ನು ಕೇಳಿದಳು, ಗಿಟಾರು ಯಾವಾಗ ಶುರುವಾದೀತೆಂದು ಕೇಳುತ್ತಲೇ ಇದ್ದಳು. ಆಮೇಲೆ ಹುಬ್ಬು ಗಂಟಿಕ್ಕಿದಳು.

"ಪಪ್ಪಾ, ಗಿಟಾರ್ ಕಬ್ ಶುರು ಹೋತಾ ಹೈ?"

ಲೀಲಾಧರ ಜೋಮುಗಟ್ಟಿದ ಎಡಗೈಯನ್ನು ತಿಕ್ಕಿಕೊಂಡ.

"ಕೇಳ್ತಾ ಇರು ಮಗಾ. ಅಮ್ಮನನ್ನು ಕಳಿಸ್ಲಿಕ್ಕೆ ಜನ ಬಂದಿದ್ದಾರೆ."