ಆಳ ಸರಿಯಿಲ್ಲ

ಕುಂದಾಪುರದ ಕಡಲಬದಿಯವಳು ಹಳೇಬೀಡಿಗೆ ಸೊಸೆಯಾಗಿ ಬಂದು ಐವತ್ತು ವರ್ಷವಾದರೂ ನೀರಿನ ಅವಾಂತರಗಳು ನನ್ನ ಬೆನ್ನು ಬಿಟ್ಟಿಲ್ಲ. ಹೋದ ವರ್ಷ ನಮ್ಮಣ್ಣ, "ನನಗೆ ಮಂಡಿನೋವು, ನೀನೇ ಇಟ್ಟುಕೊ" ಅಂತ ತನ್ನ ಪುಟ್ಟ ಹಾಯಿದೋಣಿಯನ್ನು ಲಾರಿಯಲ್ಲಿ ಕಳಿಸಿದ. ಅದರಲ್ಲಿ ನೀರಿನ ಆಳ ತೋರಿಸುವ ಯಂತ್ರವೊಂದಿತ್ತು. ಕೆರೆಗಿಳಿಸಿದ ತಿಂಗಳೊಳಗೆ ಅದು ಅಂಕಿ ಬಿಟ್ಟು ಬರೀ ಎರಡು ಗೀಟು ತೋರಿಸತೊಡಗಿತು. ದೋಣಿ ಎರಡು ಸಲ ಹೂಳಿನಲ್ಲಿ ಕೂತಿತು. ಎತ್ತು ಕಟ್ಟಿ ಎಳೆಸಿದ ನಮ್ಮ ಯಜಮಾನರು, "ಮೂರನೇ ಸಲ ಕೂತರೆ ಮಾರೋದೇ ಕಣೇ" ಅಂದುಬಿಟ್ಟರು.

ಮಾರಲು ಬಿಡುತ್ತೇನೆಯೇ? ಯಂತ್ರ ಬಿಚ್ಚಿ ಚೀಲಕ್ಕೆ ಹಾಕಿದೆ.

ಬಕೀಟು

ಅರಸೀಕೆರೆಯ ರೇಡಿಯೊ ರಿಪೇರಿಯವನು ಯಂತ್ರದ ತಂತಿಯ ತುದಿಗಿದ್ದ, ಆಳ ಅಳೆಯುವ ಗುಂಡನ್ನು ಬಕೀಟಿನ ನೀರಿನಲ್ಲಿ ಮುಳುಗಿಸಿದ. ಅದೇ ಎರಡು ಗೀಟು.

"ಇಷ್ಟು ನೀರು ಸಾಲದಪ್ಪ, ಆಳ ಬೇಕು" ಅಂದೆ.

"ಅರಸೀಕೆರೇಲಿ ಅಷ್ಟು ನೀರಿದ್ದಿದ್ರೆ ನಾನ್ಯಾಕಮ್ಮ ರೇಡಿಯೊ ಬಿಚ್ಕೊಂಡು ಕೂತಿರ್ತಿದ್ದೆ? ಭತ್ತ ಬೆಳೀತಿದ್ದೆ!"

ಬಾವಿ

ಸರಿ, ತೋಟದ ಬಾವಿಗೇ ಗುಂಡು ಇಳಿಬಿಟ್ಟೆ. ನಾಲ್ಕು ಮೀಟರ್ ಅಂತ ತೋರಿಸಿತು. ಯಂತ್ರ ಸರಿಯಾಗಿದೆ, ಅಂದರೆ ದೋಷವಿರುವುದು ದೋಣಿಯಲ್ಲಿ ಅಂತಾಯಿತು.

ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಬಗ್ಗಿ ಪಿಸುಗುಟ್ಟಿದಳು: "ಏನಕ್ಕಾ, ನಿಧಿ ಏನಾರ ಐತಾ?"

"ಇಲ್ಲ ಕಣೇ, ಆಳ ನೋಡ್ತಿದೀನಿ."

"ಆಳದಾಗೇ ಅಲ್ವಾ ಅಕ್ಕಾ ಇರೋದು!"

ಸಂಜೆಗೆ ಬಾವಿಕಟ್ಟೆಯ ಮೇಲೆ ಯಾರೋ ಕುಂಕುಮ ಹಚ್ಚಿದ ಒಂಬತ್ತು ನಿಂಬೆಹಣ್ಣು ಇಟ್ಟುಹೋಗಿದ್ದರು. ತೊಳೆದು ಉಪ್ಪಿನಕಾಯಿ ಹಾಕಿದೆ.

ಹರಳೆಣ್ಣೆ

ಮರುದಿನ ಬೇಲೂರಿಗೆ ಹೋಗಿ, ದೋಣಿಯ ಬ್ಯಾಟರಿ ಚಾರ್ಜಿಗೆ ಕೊಟ್ಟು, ಅಣ್ಣನಿಗೆ ಫೋನು ಮಾಡಿದೆ.

"ಎಂತ ಮಾರಾಯ್ತಿ! ಗುಂಡು ಕೂರುವ ಡಬ್ಬಿ ದೋಣಿಯ ತಳದಲ್ಲಿ ಉಂಟಲ್ಲ, ಅದರಲ್ಲಿ ಎಣ್ಣೆ ಉಂಟಾ ನೋಡಿದ್ಯಾ? ಒಣಗಿದರೆ ಅದಕ್ಕೆ ಆಳ ಗೊತ್ತಾಗುದಿಲ್ಲ. ಹರಳೆಣ್ಣೆ ಹಾಕು."

ಕೂಡಲೇ ಬಸ್‌ಸ್ಟ್ಯಾಂಡಿನ ಗದ್ದಲದಲ್ಲೇ ಮನೆಗೆ ಫೋನು ಮಾಡಿ ಕೂಗಿದೆ: "ರೀ, ಆಳ ಸರಿಯಿಲ್ಲ! ಹರಳೆಣ್ಣೆ ಬಿದ್ದರೆ ಸರಿಹೋಗುತ್ತಂತೆ. ಅರ್ಧ ಲೋಟ ತೆಗೆದಿಡಿ."

"ನಾನೂ ಬೆಳಗ್ಗಿಂದ ನೋಡ್ತಿದೀನಿ ಕಣೇ. ನೀನ್ಯಾಕೆ, ನಾನೇ ಹಾಕ್ತೀನಿ ಬಿಡು."

ಕೊನೆಗೂ ಇವರಿಗೆ ದೋಣಿಯ ಮೇಲೆ ಪ್ರೀತಿ ಬಂತಲ್ಲ ಅಂತ ಹಿಗ್ಗಿದೆ. ಬಂದು ನೋಡಿದರೆ ಸೀಸೆ ಅರ್ಧ ಖಾಲಿ, ದೋಣಿಯ ಡಬ್ಬಿ ಒಣಒಣ.

"ಎಣ್ಣೆ ಎಲ್ಲಿಗೆ ಹಾಕಿದ್ರಿ?"

"ಎಲ್ಲಿಗೆ ಅಂದ್ರೆ? ಬಾಯಿಗೆ! ಆಳು ಸರಿಯಿಲ್ಲ ಅಂತ ನೀನೇ ಅಂದ್ಯಲ್ಲ!"

ತೆಂಗಿನಕಾಯಿ ಕೀಳುವ ನಮ್ಮ ಆಳು ಅವತ್ತು ಬೆಳಗ್ಗಿಂದ ಯಾಕೋ ಮಂಕಾಗಿ ಕೂತಿದ್ದನಂತೆ. ಮೂಗು ಹಿಡಿದು ಕುಡಿಸಿಬಿಟ್ಟಿದ್ದರು.

ಉಳಿದ ಎಣ್ಣೆಯನ್ನು ಡಬ್ಬಿಗೆ ಸುರಿದು, ಗುಂಡು ಕೂರಿಸಿ, ಮರುದಿನ ಬೆಳಿಗ್ಗೆ ಇವರನ್ನೂ ಹತ್ತಿಸಿಕೊಂಡು ಹಾಯಿ ಬಿಚ್ಚಿದೆ. ಯಂತ್ರ ಮೂರು ಅಂದಿತು, ಎರಡು ಅಂದಿತು. ಹೂಳಿನ ಹತ್ತಿರ ಒಂದು ಅಂದದ್ದೇ ತಡ, ದೋಣಿ ತಿರುಗಿಸಿದೆ. ಕೂರಲಿಲ್ಲ! ಮಾರುವ ಮಾತು ಮರೆತ ಯಜಮಾನರು ಎದ್ದು ನಿಂತು, ದಡದಲ್ಲಿದ್ದ ಆಳಿಗೆ ಕೇಳಲೆಂದು ಕೂಗಿದರು: "ಆಳ ಸರಿಹೋಯ್ತು ಕಣ್ಲಾ!"

ಅವನು ಚೊಂಬು ಹಿಡಿದು ಬೇಲಿಯ ಕಡೆ ಓಡುತ್ತಲೇ ಕೂಗಿದ:

"ಎಲ್ಲಿ ಸರಿಹೋಯ್ತು ಯಜಮಾನ್ರೇ? ಇದು ಆರನೇ ಸಲ!"